ನೆಲ ಒಬ್ಬರದು, ನಲ್ಲಿ ಇನ್ನೊಬ್ಬರದು

ದಕ್ಷಿಣ ಆಫ್ರಿಕಾದ ಜುಲು ಸೀಮೆಯ ಉಮ್ಸಿಂಗಾದಲ್ಲಿ ಚುನಾಯಿತ ಕೌನ್ಸಿಲ್ ಇದೆ, ಮೇಯರ್ ಇದ್ದಾರೆ, ಬಜೆಟ್ಟೂ ಇದೆ. ಆದರೆ ಊರಿನ ಬದುಕಿನಲ್ಲಿ ಮುನಿಸಿಪಾಲಿಟಿಯ ಕೈಗೆ ಸಿಕ್ಕಿರುವುದು ಎಷ್ಟು?

ಗ್ರೇಟೌನ್ ಬಿಟ್ಟು ಉತ್ತರಕ್ಕೆ ಹೊರಟ ಆರ್–33 ರಸ್ತೆ ಮೊದಲು ನೀಲಗಿರಿ ತೋಪು, ಕಬ್ಬಿನ ಗದ್ದೆಗಳ ನಡುವೆ ಸಾಗುತ್ತದೆ. ಆಮೇಲೆ ಒಮ್ಮೆಗೇ ಕಣಿವೆಗೆ ಇಳಿಯತೊಡಗುತ್ತದೆ. ಹಸಿರು ಹಿಂದುಳಿದು ಕಲ್ಲುಗುಡ್ಡ, ಜಾಲಿಯ ಪೊದೆ, ಆಳೆತ್ತರದ ಲೋಳೆಸರ ಜಾತಿಯ ಗಿಡಗಳು, ರಸ್ತೆಗೆ ಅಡ್ಡ ಬರುವ ಮೇಕೆಗಳು ಎದುರಾಗುತ್ತವೆ. ಗುಡ್ಡದ ಓರೆಯ ಮೇಲೆ ಒಂದಕ್ಕೊಂದು ದೂರ ದೂರ ಕೂತ ದುಂಡು ಮನೆಗಳು. ತಳದಲ್ಲಿ ತುಗೇಲಾ ನದಿ, ಅದರ ಸೇತುವೆ, ಪಕ್ಕದಲ್ಲಿ ಒಂದೇ ಬೀದಿಯ ಪೇಟೆ. ಅದರ ಹೆಸರು ತುಗೇಲಾ ಫೆರಿ.

ಸರ್ಕಾರಿ ಪಿಂಚಣಿ ಕೈಸೇರುವ ದಿನಗಳಲ್ಲಿ ಈ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಾಡಿಗೆ ವ್ಯಾನುಗಳು ಜನರನ್ನು ಇಳಿಸುತ್ತಲೇ ಇರುತ್ತವೆ. ನದಿಯ ಕಾಲುವೆ ನೀರಿನಲ್ಲಿ ಬೆಳೆದ ಟೊಮೆಟೊ, ಗೆಣಸುಗಳನ್ನು ಹೆಂಗಸರು ಗುಡ್ಡೆ ಹಾಕಿ ಮಾರುತ್ತಿರುತ್ತಾರೆ. ಮೇಲೆ ಗುಡ್ಡದ ಕೇರಿಗಳಲ್ಲಿ ಮಾತ್ರ ಬೇರೆಯೇ ಸಾಲು: ಟ್ಯಾಂಕರ್ ನೀರಿಗೆ ಕಾಯುವ ಪ್ಲಾಸ್ಟಿಕ್ ಕ್ಯಾನುಗಳದ್ದು.

ಟ್ಯಾಂಕರ್ ಬಾರದಿದ್ದರೆ ಬೈಗುಳ ಬೀಳುವುದು ಮುನಿಸಿಪಾಲಿಟಿಗೆ. ಪೇಟೆಯಲ್ಲೇ ಅದರ ಕಚೇರಿ ಇದೆ. ವಾರ್ಡಿನ ಕೌನ್ಸಿಲರ್ ಎಲ್ಲರಿಗೂ ಮುಖಪರಿಚಯದವರು. ಆದರೆ ಕಾನೂನಿನ ಪ್ರಕಾರ ಆ ನೀರು ಈ ಮುನಿಸಿಪಾಲಿಟಿಯ ಹೊಣೆಯಲ್ಲ. ಬೈಯುವ ಜನರ ಮನೆ ನಿಂತ ನೆಲವೂ ಅದರ ಕೈಯಲ್ಲಿಲ್ಲ. ಮನೆಯ ಕರೆಂಟೂ ಅದು ಕೊಟ್ಟದ್ದಲ್ಲ. ಹಾಗಾದರೆ ಉಮ್ಸಿಂಗಾದಂಥ ಹಳ್ಳಿಗಾಡಿನ ಮುನಿಸಿಪಾಲಿಟಿ ಇರುವುದು ಯಾತಕ್ಕೆ, ಅದು ನಡೆಯುವುದು ಹೇಗೆ?

ಹಳ್ಳಿಗೂ ಮುನಿಸಿಪಾಲಿಟಿ

ಮುನಿಸಿಪಾಲಿಟಿ ಎಂದರೆ ಪಟ್ಟಣದ ಸಂಸ್ಥೆ ಎಂಬುದು ನಮ್ಮ ತಿಳಿವಳಿಕೆ. ದಕ್ಷಿಣ ಆಫ್ರಿಕಾದಲ್ಲಿ ಹಾಗಲ್ಲ. ಅಲ್ಲಿಯ 1996ರ ಸಂವಿಧಾನ ದೇಶದ ಇಂಚು ನೆಲವನ್ನೂ ಬಿಡದೆ ಯಾವುದಾದರೊಂದು ಮುನಿಸಿಪಾಲಿಟಿಗೆ ಸೇರಿಸಬೇಕೆಂದು ಹೇಳಿತು. ಹೀಗಾಗಿ ಹುಲ್ಲುಗಾವಲು, ಕಣಿವೆ, ಕಾಡುಗಳೂ ಮುನಿಸಿಪಾಲಿಟಿಯ ಗಡಿಯೊಳಗೇ ಇವೆ.

ವರ್ಣಭೇದದ ಕಾಲದಲ್ಲಿ ಬಿಳಿಯರ ಪಟ್ಟಣಗಳಿಗೆ ಒಳ್ಳೆಯ ನಗರಸಭೆಗಳಿದ್ದವು. ಕರಿಯರ ಹಳ್ಳಿಗಾಡಿಗೆ ಚುನಾಯಿತ ಸ್ಥಳೀಯ ಸರ್ಕಾರವೆಂಬುದೇ ಇರಲಿಲ್ಲ. 1994ರ ನಂತರ ತಾತ್ಕಾಲಿಕವಾಗಿ 843 ಸ್ಥಳೀಯ ಸಂಸ್ಥೆಗಳು ನಡೆದವು. 2000ದ ಡಿಸೆಂಬರ್ 5ರ ಚುನಾವಣೆಯ ಹೊತ್ತಿಗೆ ಅವುಗಳನ್ನು ಕೂಡಿಸಿ 284ಕ್ಕೆ ಇಳಿಸಲಾಯಿತು. 2016ರಿಂದ ಅವುಗಳ ಸಂಖ್ಯೆ 257.

ಈ 257ರಲ್ಲಿ ಮೂರು ಬಗೆ. ಜೊಹಾನ್ಸ್‌ಬರ್ಗ್, ಡರ್ಬನ್ನಿನಂಥ ಎಂಟು ಮಹಾನಗರಗಳು ಒಂಟಿಯಾಗಿ ಎಲ್ಲ ಕೆಲಸವನ್ನೂ ಮಾಡುತ್ತವೆ. ಉಳಿದ ಕಡೆ ಎರಡು ಹಂತ: ಮೇಲೆ 44 ಜಿಲ್ಲಾ ಮುನಿಸಿಪಾಲಿಟಿಗಳು, ಅವುಗಳ ಕೆಳಗೆ 205 ಸ್ಥಳೀಯ ಮುನಿಸಿಪಾಲಿಟಿಗಳು. ಉಮ್ಸಿಂಗಾ ಈ ಮೂರನೆಯ ಬಗೆಗೆ ಸೇರಿದ್ದು. ಕ್ವಾಜುಲು–ನಟಾಲ್ ಪ್ರಾಂತ್ಯದ ಉಮ್ಜಿನ್ಯಾತಿ ಜಿಲ್ಲೆಯ ನಾಲ್ಕು ಸ್ಥಳೀಯ ಮುನಿಸಿಪಾಲಿಟಿಗಳಲ್ಲಿ ಅದೂ ಒಂದು. ಜಿಲ್ಲಾ ಕಚೇರಿ ಇರುವುದು ಉತ್ತರದ ಡಂಡೀ ಪಟ್ಟಣದಲ್ಲಿ.

ಉಮ್ಸಿಂಗಾದ ವಿಸ್ತಾರ ಸುಮಾರು 2,500 ಚದರ ಕಿಲೋಮೀಟರ್, ನಮ್ಮ ಎರಡು ಮೂರು ತಾಲ್ಲೂಕುಗಳಷ್ಟು. 2011ರ ಜನಗಣತಿಯಲ್ಲಿ ಸಿಕ್ಕ ಜನಸಂಖ್ಯೆ 1.77 ಲಕ್ಷ. ಬಹುಪಾಲು ಎಲ್ಲರ ಮಾತೂ ಜುಲು. ದುಡಿಯುವ ಗಂಡಸರಲ್ಲಿ ಅನೇಕರು ಜೊಹಾನ್ಸ್‌ಬರ್ಗ್, ಡರ್ಬನ್ ಸೇರಿರುವುದರಿಂದ ಊರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಹೆಚ್ಚು. ತುಗೇಲಾ ಫೆರಿ, ಪೊಮೆರಾಯ್, ಕೀಟ್ಸ್ ಡ್ರಿಫ್ಟ್ ಎಂಬ ಸಣ್ಣ ಪೇಟೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಚದುರಿದ ಮನೆಗಳು.

ಹಿಂದಿನ ಆಳ್ವಿಕೆ

ಕೌನ್ಸಿಲ್ ಬಂದದ್ದು 2000ದಲ್ಲಿ. ಅದಕ್ಕೆ ಮೊದಲು ಇಲ್ಲಿ ಆಳ್ವಿಕೆ ಇರಲಿಲ್ಲವೆಂದಲ್ಲ. ನಟಾಲ್ ಬ್ರಿಟಿಷರ ವಸಾಹತಾದ ಮೇಲೆ, 1840ರ ದಶಕದ ಕೊನೆಯಲ್ಲಿ, ಅಲ್ಲಿಯ ಅಧಿಕಾರಿ ಥಿಯೊಫಿಲಸ್ ಶೆಪ್‌ಸ್ಟನ್ ಒಂದು ಉಪಾಯ ಹೂಡಿದ. ಒಳ್ಳೆಯ ನೆಲ ಬಿಳಿಯ ರೈತರಿಗೆ; ಬಂಡೆ, ಬರಡು, ಕಣಿವೆಯ ಭಾಗಗಳು ಆಫ್ರಿಕನ್ನರಿಗೆಂದು ಮೀಸಲು. ಆ ಮೀಸಲು ಸೀಮೆಗಳಲ್ಲಿ ಕುಲದ ನಾಯಕರ ಮೂಲಕವೇ ಆಳುವುದು, ಅವರ ಮೇಲೆ ಬಿಳಿಯ ಮ್ಯಾಜಿಸ್ಟ್ರೇಟನನ್ನು ಕೂರಿಸುವುದು. ಖರ್ಚು ಕಡಿಮೆ, ಹಿಡಿತ ಹೆಚ್ಚು. ಉಮ್ಸಿಂಗಾ ಅಂಥದೊಂದು ಮೀಸಲು ಸೀಮೆ.

ಜುಲು ನಾಯಕನನ್ನು ಇನ್‌ಕೋಸಿ ಎನ್ನುತ್ತಾರೆ, ಹಲವರಾದರೆ ಅಮಾಕೋಸಿ. ವಸಾಹತು ಸರ್ಕಾರ ತನಗೆ ಒಗ್ಗಿದ ಇನ್‌ಕೋಸಿಯನ್ನು ಉಳಿಸಿಕೊಂಡಿತು, ಒಗ್ಗದವನನ್ನು ತೆಗೆದುಹಾಕಿತು. ಗ್ರೇಟೌನ್ ಬಳಿಯ ಜೋಂಡಿ ಕುಲದ ಬಂಬಾತಾನನ್ನು ಹಾಗೆ ತೆಗೆದದ್ದು 1906ರಲ್ಲಿ. ಗಂಡಾಳಿಗೆ ಒಂದು ಪೌಂಡಿನಂತೆ ಹೇರಿದ ತಲೆಗಂದಾಯದ ವಿರುದ್ಧ ಆ ವರ್ಷ ಎದ್ದ ದಂಗೆಗೆ ಅವನದೇ ಹೆಸರು. ಭಾರತೀಯರಿಗೂ ಈ ದಂಗೆಯ ನೆನಪಿದೆ: ಗಾಂಧೀಜಿ ಸಾರ್ಜೆಂಟ್ ಮೇಜರ್ ಹುದ್ದೆಯಲ್ಲಿ ಭಾರತೀಯರ ಡೋಲಿ ಪಡೆಯನ್ನು ಕಟ್ಟಿಕೊಂಡು ಹೋದದ್ದು, ಬಿಳಿಯ ದಾದಿಯರು ಮುಟ್ಟಲೊಲ್ಲದ ಜುಲು ಗಾಯಾಳುಗಳ ಆರೈಕೆ ಮಾಡಿದ್ದು ಇದೇ ಸಂದರ್ಭದಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ಮೀಸಲು ಸೀಮೆ ಇನ್ನಷ್ಟು ಕಿಕ್ಕಿರಿಯಿತು. ಪಕ್ಕದ ವೀನೆನ್ ಸೀಮೆಯಲ್ಲಿ ಬಿಳಿಯರ ಜಮೀನಿನ ಮೇಲೆ ಬಿಟ್ಟಿ ದುಡಿದು ಬದಲಿಗೆ ವಾಸಕ್ಕೆ ಜಾಗ ಪಡೆದಿದ್ದ ಕುಟುಂಬಗಳನ್ನು 1969ರಲ್ಲಿ ಒಕ್ಕಲೆಬ್ಬಿಸಲಾಯಿತು. ಅವರಲ್ಲಿ ಬಹಳ ಮಂದಿ ಬಂದು ಬಿದ್ದದ್ದು ಉಮ್ಸಿಂಗಾಕ್ಕೆ. ನೆಲದ ಒತ್ತಡದಿಂದ ಚುನು, ತೆಂಬು ಕುಲಗಳ ನಡುವೆ ಹಳೆಯ ಕಾಲದಿಂದ ನಡೆದುಬಂದ ಕಾಳಗಗಳಿಗೆ ಮತ್ತಷ್ಟು ಸೌದೆ ಬಿತ್ತು.

ಮುಂದೆ ವರ್ಣಭೇದದ ಸರ್ಕಾರ ಈ ಮೀಸಲು ತುಂಡುಗಳನ್ನೆಲ್ಲ ಪೋಣಿಸಿ ಕ್ವಾಜುಲು ಎಂಬ ‘ತಾಯ್ನಾಡು’ ಮಾಡಿತು. ಅದರ ಮುಖ್ಯಮಂತ್ರಿಯಾಗಿದ್ದ ಮಂಗೊಸುತು ಬುತೆಲೇಜಿ 1975ರಲ್ಲಿ ಕಟ್ಟಿದ ಇಂಕಾಥಾ ಪಕ್ಷಕ್ಕೆ ಈ ಸೀಮೆಗಳಲ್ಲಿ ಇಂದಿಗೂ ಬಲವಿದೆ.

ಚುನಾವಣೆಗೆ ಮೂರು ದಿನ ಮುಂಚೆ

1994ರ ಏಪ್ರಿಲ್ 27ರಂದು ದಕ್ಷಿಣ ಆಫ್ರಿಕಾದ ಮೊದಲ ಪ್ರಜಾಸತ್ತಾತ್ಮಕ ಚುನಾವಣೆ. ಅದಕ್ಕೆ ಮೂರೇ ದಿನ ಮುಂಚೆ ಕ್ವಾಜುಲು ಶಾಸನಸಭೆ ಒಂದು ಕಾಯ್ದೆ ಮಾಡಿ ತನ್ನ ನೆಲವನ್ನೆಲ್ಲ ‘ಇಂಗೊನ್ಯಾಮಾ ಟ್ರಸ್ಟ್’ ಎಂಬ ಸಂಸ್ಥೆಗೆ ವಹಿಸಿತು. ಟ್ರಸ್ಟಿಗೆ ಏಕೈಕ ಧರ್ಮದರ್ಶಿ ಜುಲು ದೊರೆ. ಒಟ್ಟು ಸುಮಾರು 28 ಲಕ್ಷ ಹೆಕ್ಟೇರ್. ಇಡೀ ಪ್ರಾಂತ್ಯದ ಮೂರರಲ್ಲಿ ಒಂದು ಪಾಲಿಗೆ ಹತ್ತಿರ.

ಉಮ್ಸಿಂಗಾದ ಸುಮಾರು ಶೇ 70ರಷ್ಟು ನೆಲ ಈ ಟ್ರಸ್ಟಿನದು. ಉಳಿದದ್ದು ಬಹುಮಟ್ಟಿಗೆ ಪೊಮೆರಾಯ್‌ನ ಉತ್ತರಕ್ಕಿರುವ ವಾಣಿಜ್ಯ ಕೃಷಿಭೂಮಿ. ಟ್ರಸ್ಟಿನ ನೆಲದಲ್ಲಿ ದಿನನಿತ್ಯದ ಮಾತು ನಡೆಯುವುದು ಇನ್‌ಕೋಸಿಯದು; ಅವರ ಕೆಳಗೆ ಒಂದೊಂದು ಕೇರಿಸೀಮೆಗೆ ಒಬ್ಬೊಬ್ಬ ಇಂಡೂನಾ. ಚುನು, ತೆಂಬು, ಮಬಾಸೊ, ಬೊಂವು, ಕ್ವಾಮು, ಎನ್‌ಗೋಮೆ ಎಂಬ ಆರು ಸಾಂಪ್ರದಾಯಿಕ ಮಂಡಳಿಗಳು ಉಮ್ಸಿಂಗಾವನ್ನು ಹಂಚಿಕೊಂಡಿವೆ.

ಮನೆ ಕಟ್ಟಲು ಜಾಗ ಬೇಕಾದವರು ಮೊದಲು ನೆರೆಹೊರೆಯವರನ್ನು ಕೇಳುತ್ತಾರೆ. ಅವರ ಒಪ್ಪಿಗೆ ಸಿಕ್ಕರೆ ಇಂಡೂನಾ ಬಂದು ಎಲ್ಲರೆದುರು ಎಲ್ಲೆ ತೋರಿಸುತ್ತಾರೆ. ಹೊರಗಿನಿಂದ ಬಂದವರು ಇನ್‌ಕೋಸಿಗೆ ಕಾಣಿಕೆ ಒಪ್ಪಿಸಿ ಆ ಸೀಮೆಯ ಒಕ್ಕಲಾಗುತ್ತಾರೆ. ನಕಾಶೆ, ಪಹಣಿ ಇಲ್ಲದಿದ್ದರೂ ಯಾರ ಜಾಗ ಎಲ್ಲಿಯವರೆಗೆ ಎಂಬುದು ಊರಿಗೆಲ್ಲ ಗೊತ್ತು.

ಈ ಪದ್ಧತಿ ಕಲ್ಲಿನಂತೆ ನಿಂತಲ್ಲೇ ನಿಂತದ್ದೂ ಅಲ್ಲ. ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯದ ಬೆನ್ ಕಸಿನ್ಸ್ ಮತ್ತು ಸಂಗಡಿಗರು ಉಮ್ಸಿಂಗಾದ ಭೂ ಪದ್ಧತಿಯ ಬಗ್ಗೆ 2011ರಲ್ಲಿ ಹೊರತಂದ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ಹಿಂದೆ ಜಾಗ ಸಿಗುತ್ತಿದ್ದದ್ದು ಮದುವೆಯಾದ ಗಂಡಸಿಗೆ. ಕನ್ಯಾಶುಲ್ಕದ ದನಗಳನ್ನು ಹೊಂದಿಸಲಾಗದೆ ಮದುವೆಗಳೇ ಕಡಿಮೆಯಾದವು. ಮಕ್ಕಳೊಂದಿಗೆ ಒಂಟಿಯಾಗಿ ಉಳಿದ ಹೆಂಗಸರು ಹೆಚ್ಚಾದರು. ಅಂಥವರಿಗೂ ಜಾಗ ಕೊಡುವ ರೂಢಿ ಮೆಲ್ಲಗೆ ಬೆಳೆಯಿತು. ಬದಲಾವಣೆ ತಂದದ್ದು ಸರ್ಕಾರದ ಆದೇಶವಲ್ಲ, ಊರಿನ ಅಗತ್ಯ.

ಟ್ರಸ್ಟ್ ಮಾತ್ರ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ತಲೆಮಾರುಗಳಿಂದ ಕೂತ ಜನರಿಗೆ ವಾಸದ ಹಳೆಯ ಅನುಮತಿಪತ್ರದ ಬದಲು ಗುತ್ತಿಗೆ ಕರಾರು ಮಾಡಿಸಿ ವರ್ಷವರ್ಷ ಬಾಡಿಗೆ ಕೇಳತೊಡಗಿತು. 2021ರ ಜೂನ್ 11ರಂದು ಪೀಟರ್‌ಮಾರಿಟ್ಸ್‌ಬರ್ಗ್ ಹೈಕೋರ್ಟ್ ಈ ಗುತ್ತಿಗೆಗಳು ಕಾನೂನುಬಾಹಿರವೆಂದೂ ವಸೂಲು ಮಾಡಿದ ಹಣ ಮರಳಿಸಬೇಕೆಂದೂ ತೀರ್ಪು ಕೊಟ್ಟಿತು. ನೆಲದ ನಿಜವಾದ ಒಡೆಯರು ಅಲ್ಲಿ ಬದುಕುವ ಜನ, ಟ್ರಸ್ಟ್ ಅದನ್ನು ಅವರ ಪರವಾಗಿ ಇಟ್ಟುಕೊಂಡಿದೆ ಅಷ್ಟೇ ಎಂಬುದು ತೀರ್ಪಿನ ತಿರುಳು.

ಕೌನ್ಸಿಲ್ ಒಳಗೆ

ಇಷ್ಟು ಹಳೆಯ ಏರ್ಪಾಡಿನ ಮೇಲೆ ಬಂದು ಕೂತದ್ದು ಹೊಸ ಕೌನ್ಸಿಲ್. ಐದು ವರ್ಷಕ್ಕೊಮ್ಮೆ ಚುನಾವಣೆ. ಅರ್ಧದಷ್ಟು ಕೌನ್ಸಿಲರುಗಳು ವಾರ್ಡುಗಳಿಂದ ನೇರ ಗೆದ್ದು ಬರುತ್ತಾರೆ. ಇನ್ನರ್ಧ ಪಕ್ಷಗಳ ಪಟ್ಟಿಯಿಂದ, ಪಡೆದ ಒಟ್ಟು ಮತಕ್ಕೆ ತಕ್ಕಂತೆ. ಹೀಗಾಗಿ ಒಂದು ವಾರ್ಡನ್ನೂ ಗೆಲ್ಲದ ಪಕ್ಷಕ್ಕೂ ಒಂದೆರಡು ಸೀಟು ಸಿಗುವ ಸಾಧ್ಯತೆ ಇರುತ್ತದೆ.

ಮೇಯರನ್ನು ಜನ ನೇರವಾಗಿ ಆರಿಸುವುದಿಲ್ಲ. ಕ್ವಾಜುಲು–ನಟಾಲ್‌ನಲ್ಲಿ ಕೌನ್ಸಿಲ್ ಮೊದಲು ಒಂದು ಕಾರ್ಯಕಾರಿ ಸಮಿತಿಯನ್ನು ಆರಿಸುತ್ತದೆ. ಮೇಯರ್ ಆ ಸಮಿತಿಯಿಂದ ಬರುತ್ತಾರೆ. ಸಭೆ ನಡೆಸಲು ಸ್ಪೀಕರ್ ಬೇರೆ. ಆಡಳಿತದ ಹೊಣೆ ಕೌನ್ಸಿಲ್ ನೇಮಿಸುವ ಮುನಿಸಿಪಲ್ ಮ್ಯಾನೇಜರದು. ಲೆಕ್ಕಕ್ಕೆ ಸಹಿ ಹಾಕುವವರೂ, ತಪ್ಪಾದರೆ ಉತ್ತರ ಹೇಳಬೇಕಾದವರೂ ಅವರೇ. 2003ರ ಹಣಕಾಸು ಕಾಯ್ದೆ ಟೆಂಡರ್ ಸಮಿತಿಗಳಲ್ಲಿ ಕೌನ್ಸಿಲರುಗಳು ಕೂರುವುದನ್ನೇ ನಿಷೇಧಿಸಿದೆ.

ವಾರ್ಡಿನಲ್ಲಿ ಹತ್ತು ಜನರವರೆಗಿನ ಒಂದು ಸಮಿತಿ ಇರಬಹುದು, ಅಧ್ಯಕ್ಷರು ಕೌನ್ಸಿಲರೇ. ಐದು ವರ್ಷದ ಅಭಿವೃದ್ಧಿ ಯೋಜನೆಯನ್ನು ಕೌನ್ಸಿಲ್ ಜನರನ್ನು ಕೇಳಿಯೇ ಮಾಡಬೇಕು, ಪ್ರತಿವರ್ಷ ಪರಿಶೀಲಿಸಬೇಕು. ಜುಲೈ 1ಕ್ಕೆ ಹಣಕಾಸು ವರ್ಷ ಶುರು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಮೇಯರ್ ಮತ್ತು ಅಧಿಕಾರಿಗಳ ಪರಿವಾರ ಶಾಮಿಯಾನ ಹಾಕಿ ಜನಸಭೆ ನಡೆಸುತ್ತದೆ. ರಸ್ತೆ, ನೀರು, ಕೆಲಸ: ಪ್ರತಿ ಸಭೆಯಲ್ಲೂ ಬೇಡಿಕೆ ಈ ಮೂರೇ.

ಅಮಾಕೋಸಿಗಳಿಗೂ ಕೌನ್ಸಿಲ್ಲಿನಲ್ಲಿ ಕುರ್ಚಿ ಇದೆ. ಕೌನ್ಸಿಲರುಗಳ ಸಂಖ್ಯೆಯ ಶೇ 20ನ್ನು ಮೀರದಷ್ಟು ಮಂದಿ ಬಂದು ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ. ಇತ್ತ ಇನ್‌ಕೋಸಿಯ ಸ್ವಂತ ಮಂಡಳಿಗೂ 2003ರ ಕಾಯ್ದೆ ಪ್ರಜಾಪ್ರಭುತ್ವದ ಸೋಂಕು ತಗುಲಿಸಿತು: ಸದಸ್ಯರಲ್ಲಿ ಶೇ 40 ಚುನಾಯಿತರಾಗಿರಬೇಕು, ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಒಟ್ಟಿನಲ್ಲಿ ಇಬ್ಬರಿಗೂ ಇನ್ನೊಬ್ಬರ ಮನೆಯಲ್ಲಿ ಒಂದು ಕಾಲು; ಯಾರಿಗೂ ಪೂರ್ತಿ ಅಧಿಕಾರವಿಲ್ಲ.

ಯಾವ ಕೆಲಸ ಯಾರದು?

ಕುಡಿಯುವ ನೀರು, ಶೌಚ ವ್ಯವಸ್ಥೆ: ಡಂಡೀಯಲ್ಲಿ ಕೂತ ಜಿಲ್ಲಾ ಮುನಿಸಿಪಾಲಿಟಿಯದು. ಮನೆಗೆ ಕರೆಂಟ್: ಸರ್ಕಾರಿ ಕಂಪನಿ ಎಸ್ಕಾಂನದು. ಶಾಲೆ, ಆಸ್ಪತ್ರೆ, ಆರ್–33ರಂಥ ದೊಡ್ಡ ರಸ್ತೆ: ಪ್ರಾಂತ್ಯ ಸರ್ಕಾರದ್ದು. ಪೊಲೀಸ್, ಪಿಂಚಣಿ: ಕೇಂದ್ರದ್ದು. ನೆಲ: ಟ್ರಸ್ಟ್ ಮತ್ತು ಇನ್‌ಕೋಸಿಯದು.

ಸ್ಥಳೀಯ ಮುನಿಸಿಪಾಲಿಟಿಗೆ ಉಳಿಯುವುದು ಕೇರಿಗೆ ಹೋಗುವ ಮಣ್ಣಿನ ರಸ್ತೆ, ಸಣ್ಣ ಸೇತುವೆ, ಸಮುದಾಯ ಭವನ, ಶಿಶುವಿಹಾರದ ಕಟ್ಟಡ, ಆಟದ ಮೈದಾನ, ಪೇಟೆಯ ಕಸ, ಸ್ಮಶಾನ, ಬೀದಿ ವ್ಯಾಪಾರಿಗಳ ನಿಯಂತ್ರಣ, ಕಟ್ಟಡ ಪರವಾನಗಿ, ಅಭಿವೃದ್ಧಿ ಯೋಜನೆಯ ಕಾಗದಪತ್ರ. ಇವು ಸಣ್ಣ ಕೆಲಸಗಳಲ್ಲ. ಮಳೆಗೆ ಕೊಚ್ಚಿಹೋದ ಮಣ್ಣುರಸ್ತೆಯೊಂದರಿಂದ ಆಂಬುಲೆನ್ಸೂ ಶಾಲಾ ಮಕ್ಕಳ ವ್ಯಾನೂ ನಿಂತುಹೋಗುತ್ತವೆ. ಆದರೆ ಬಡವರ ಮನೆಗೆ ಅತಿ ಮುಖ್ಯವಾದ ನೀರೂ ಕರೆಂಟೂ ಈ ಪಟ್ಟಿಯಲ್ಲಿಲ್ಲ.

ನೀರನ್ನು ಜಿಲ್ಲೆಗೆ ಕೊಟ್ಟದ್ದರ ಹಿಂದೆ ತರ್ಕವಿತ್ತು. ನದಿಯಿಂದ ಎತ್ತಿ, ಶುದ್ಧಮಾಡಿ, ಗುಡ್ಡಗಳಾಚೆ ಹರಿಸುವ ದೊಡ್ಡ ಯೋಜನೆಗಳನ್ನು ಬಡ ಸ್ಥಳೀಯ ಮುನಿಸಿಪಾಲಿಟಿ ಒಂಟಿಯಾಗಿ ಮಾಡಲಾರದು ಎಂಬುದು ಆ ತರ್ಕ. ಪರಿಣಾಮ ಮಾತ್ರ ಬೇರೆ. ಪೈಪ್ ಒಡೆದರೆ ದೂರು ಬರುವುದು ತುಗೇಲಾ ಫೆರಿಗೆ, ಇಂಜಿನಿಯರ್ ಇರುವುದು ಡಂಡೀಯಲ್ಲಿ. ಕೌನ್ಸಿಲರ್ ಫೋನ್ ಮಾಡಬಹುದು, ಆದೇಶ ಕೊಡಲಾರರು. ಬಡ ಕುಟುಂಬಕ್ಕೆ ತಿಂಗಳಿಗೆ 6,000 ಲೀಟರ್ ನೀರು ಉಚಿತ ಎಂಬುದು ರಾಷ್ಟ್ರೀಯ ನೀತಿ. ನಲ್ಲಿಯೇ ಇಲ್ಲದ ಮನೆಗೆ ಆ ಅಂಕಿ ಬರೀ ಅಂಕಿ.

ಹೊಣೆ ಹೀಗೆ ಹಂಚಿಹೋದ ಊರಿನ ಸಂಕಟವನ್ನು ಲೋಕ ಕಂಡದ್ದು 2006ರಲ್ಲಿ. ತುಗೇಲಾ ಫೆರಿಯ ಚರ್ಚ್ ಆಫ್ ಸ್ಕಾಟ್ಲೆಂಡ್ ಆಸ್ಪತ್ರೆಯಲ್ಲಿ ಯಾವ ಮುಖ್ಯ ಔಷಧಕ್ಕೂ ಬಗ್ಗದ ಕ್ಷಯ 53 ಜನರಲ್ಲಿ ಪತ್ತೆಯಾಯಿತು. 52 ಮಂದಿ ತೀರಿಕೊಂಡರು. ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಈ ವರದಿ ಜಗತ್ತಿನ ವೈದ್ಯಲೋಕವನ್ನು ನಡುಗಿಸಿತು. ಪರೀಕ್ಷೆಗೆ ಒಳಗಾದ ರೋಗಿಗಳೆಲ್ಲರಲ್ಲೂ ಎಚ್‌ಐವಿ ಇತ್ತು. ಆಸ್ಪತ್ರೆ ಪ್ರಾಂತ್ಯದ್ದು. ಆದರೆ ಇಕ್ಕಟ್ಟಾದ ಮನೆ, ದೂರದ ದಾರಿ, ನಗರಕ್ಕೆ ದುಡಿಯಲು ಹೋಗಿ ಬರುವ ಬದುಕು, ರೋಗಕ್ಕೆ ದಾರಿಮಾಡುವ ಇಂಥ ಸಂಗತಿಗಳನ್ನು ಒಟ್ಟಿಗೆ ನೋಡಬಲ್ಲ ಕಚೇರಿ ಯಾವುದೂ ಇರಲಿಲ್ಲ.

ನಕ್ಷೆಗೆ ಮುಂಚೆ ಮನೆ

ಎರಡು ಅಧಿಕಾರಗಳು ನೇರ ಎದುರಾಗುವುದು ಮನೆ ಕಟ್ಟುವ ಜಾಗದಲ್ಲಿ. 2013ರ ಭೂಬಳಕೆ ಯೋಜನಾ ಕಾಯ್ದೆ ಪ್ರತಿ ಮುನಿಸಿಪಾಲಿಟಿಯೂ ತನ್ನ ಇಡೀ ಗಡಿಗೆ, ಸಾಂಪ್ರದಾಯಿಕ ಸೀಮೆಗಳನ್ನೂ ಸೇರಿಸಿ, ಭೂಬಳಕೆಯ ನಕ್ಷೆ ಮಾಡಬೇಕೆಂದು ಹೇಳುತ್ತದೆ. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕೃಷಿ ಎಂಬುದನ್ನು ತೀರ್ಮಾನಿಸುವುದು ಕೌನ್ಸಿಲ್. ಅಮಾಕೋಸಿಗಳಿಗೆ ಇದು ಹಿಡಿಸಲಿಲ್ಲ. ಜಾಗ ಹಂಚುವುದೇ ಅವರ ಅಧಿಕಾರದ ತಾಯಿಬೇರು. ಅದನ್ನು ಕಚೇರಿಯ ನಕ್ಷೆಗೆ ಬಿಟ್ಟುಕೊಟ್ಟರೆ ಉಳಿಯುವುದು ಬರೀ ಪೇಟ ಎಂಬುದು ಅವರ ಅಳಲು.

ಹೀಗಾಗಿ ನಕ್ಷೆ ಕಚೇರಿಯ ಗೋಡೆಯ ಮೇಲಿದೆ, ಮನೆ ಇಂಡೂನಾ ತೋರಿಸಿದ ಗುಡ್ಡದ ಮೇಲೆ ಏಳುತ್ತದೆ. ರಸ್ತೆ, ಕಂಬ, ಪೈಪು ಆಮೇಲೆ ಅದನ್ನು ಹುಡುಕಿಕೊಂಡು ಹೋಗಬೇಕು. ದೂರ ದೂರದ ಮನೆಗಳಿಗೆ ಒಂದೊಂದು ನಲ್ಲಿ ಮುಟ್ಟಿಸುವ ಖರ್ಚು ಒತ್ತೊತ್ತಾಗಿರುವ ಬೀದಿಗಿಂತ ಎಷ್ಟೋ ಹೆಚ್ಚು. ಹಾಗೆಂದು ಇಂಡೂನಾನನ್ನೇ ದೂರುವುದೂ ಸರಿಯಲ್ಲ. ಬಡವನಿಗೆ ನಯಾಪೈಸೆ ಸಾಲವಿಲ್ಲದೆ, ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯದೆ ಮನೆ ಕಟ್ಟಲು ಜಾಗ ಕೊಡುವ ವ್ಯವಸ್ಥೆ ಆ ದೇಶದಲ್ಲಿ ಬೇರೊಂದಿಲ್ಲ. ಜನ ಅದನ್ನು ಬಿಟ್ಟುಕೊಡದಿರುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ.

ದುಡ್ಡು ಎಲ್ಲಿಂದ?

1998ರಲ್ಲಿ ಸ್ಥಳೀಯ ಸರ್ಕಾರಗಳ ಬಗ್ಗೆ ಹೊರಬಂದ ಶ್ವೇತಪತ್ರ ಒಂದು ಲೆಕ್ಕ ಹಾಕಿತ್ತು: ಮುನಿಸಿಪಾಲಿಟಿಗಳು ತಮ್ಮ ನಿತ್ಯದ ಖರ್ಚಿನ ಶೇ 90ರಷ್ಟನ್ನು ತಾವೇ ಗಳಿಸಿಕೊಳ್ಳುತ್ತವೆ. ಆಸ್ತಿ ತೆರಿಗೆ, ನೀರು ಮತ್ತು ವಿದ್ಯುತ್ ಮಾರಾಟದ ಹಣ ಇರುವ ನಗರಗಳನ್ನು ಕಣ್ಣ ಮುಂದಿಟ್ಟುಕೊಂಡು ಹಾಕಿದ ಲೆಕ್ಕ ಅದು.

ಉಮ್ಸಿಂಗಾಕ್ಕೆ ಮಾರಲು ನೀರಿಲ್ಲ, ಕರೆಂಟಿಲ್ಲ. ಟ್ರಸ್ಟಿನ ನೆಲದ ಮೇಲಿನ ಬಡ ಮನೆಗಳಿಂದ ಆಸ್ತಿ ತೆರಿಗೆ ಹುಟ್ಟುವ ಮಾತೇ ಇಲ್ಲ. ಪೇಟೆಯ ಒಂದಿಷ್ಟು ಅಂಗಡಿ, ಸರ್ಕಾರಿ ಕಟ್ಟಡ, ಉತ್ತರದ ಜಮೀನು: ತೆರಿಗೆಯ ಮೂಲ ಅಷ್ಟೇ. ಬಜೆಟ್ಟಿನ ಸಿಂಹಪಾಲು ಪ್ರಿಟೋರಿಯಾದ ಕೇಂದ್ರ ಖಜಾನೆಯಿಂದ ಬರಬೇಕು.

ಅದು ಬರುವ ದಾರಿ ಮುಖ್ಯವಾಗಿ ಎರಡು. ಒಂದು, ರಾಷ್ಟ್ರೀಯ ಆದಾಯದಲ್ಲಿ ಸಂವಿಧಾನವೇ ಕೊಟ್ಟ ಪಾಲು. ಎರಡು ವೃದ್ಧಾಪ್ಯ ಪಿಂಚಣಿಗಳಷ್ಟೂ ಆದಾಯವಿಲ್ಲದ ಮನೆಗಳು ಎಷ್ಟಿವೆ ಎಂಬುದು ಈ ಪಾಲಿನ ಲೆಕ್ಕಾಚಾರದ ಮುಖ್ಯ ಆಧಾರ. ವರ್ಷಕ್ಕೆ ಮೂರು ಕಂತುಗಳಲ್ಲಿ ಅದು ಬರುತ್ತದೆ. ಇನ್ನೊಂದು, ರಸ್ತೆ, ಭವನ ಮುಂತಾದ ಕಾಮಗಾರಿಗಳಿಗೆಂದೇ ಕೊಡುವ ಮೂಲಸೌಕರ್ಯ ಅನುದಾನ. ವರ್ಷದೊಳಗೆ ಖರ್ಚಾಗದೆ ಉಳಿದ ಅನುದಾನ ಖಜಾನೆಗೆ ವಾಪಸ್.

ಇದರಿಂದ ಒಂದು ವಿಚಿತ್ರ ಸ್ಥಿತಿ ಹುಟ್ಟುತ್ತದೆ. ತೆರಿಗೆ ಕಟ್ಟುವವನು ಲೆಕ್ಕ ಕೇಳುತ್ತಾನೆ. ಇಲ್ಲಿ ತೆರಿಗೆ ಕಟ್ಟುವ ಮತದಾರರೇ ಕಡಿಮೆ. ಹಾಗಾಗಿ ಕೌನ್ಸಿಲ್ಲಿನ ಕಣ್ಣು ಮತದಾರನಿಗಿಂತ ಹೆಚ್ಚಾಗಿ ಹಣ ಕಳಿಸುವ ಖಜಾನೆಯ ನಮೂನೆ, ಗಡುವು, ವರದಿಗಳ ಮೇಲೆ ನೆಡುತ್ತದೆ.

ಪ್ರತಿವರ್ಷ ಮಹಾಲೇಖಪಾಲರು ಎಲ್ಲ 257 ಮುನಿಸಿಪಾಲಿಟಿಗಳ ಲೆಕ್ಕವನ್ನು ತಪಾಸಣೆ ಮಾಡಿ ಶ್ರೇಣಿ ಕೊಡುತ್ತಾರೆ. ತಕರಾರಿಲ್ಲದ ಶುದ್ಧ ಲೆಕ್ಕದಿಂದ ಹಿಡಿದು ‘ಅಭಿಪ್ರಾಯ ಕೊಡಲು ಕಾಗದಪತ್ರವೇ ಇಲ್ಲ’ ಎನ್ನುವವರೆಗೆ ಐದು ಶ್ರೇಣಿಗಳು. 2022–23ರಲ್ಲಿ ದೇಶದಲ್ಲಿ ಶುದ್ಧ ಲೆಕ್ಕ ಸಿಕ್ಕದ್ದು 34ಕ್ಕೆ ಮಾತ್ರ. ಹಣಕಾಸು ವಿಭಾಗಕ್ಕೆ ಸಂಬಳ ಕೊಟ್ಟೂ ಲೆಕ್ಕ ಬರೆಯಲು ಹೊರಗಿನ ಸಲಹೆಗಾರರಿಗೆ ಮತ್ತೆ ದುಡ್ಡು ಸುರಿಯುವ ಚಾಳಿಯ ಬಗ್ಗೆ ಮಹಾಲೇಖಪಾಲರು ವರ್ಷ ವರ್ಷವೂ ಎಚ್ಚರಿಸುತ್ತಲೇ ಬಂದಿದ್ದಾರೆ. ಆದರೆ ಶುದ್ಧ ಲೆಕ್ಕವೆಂದರೆ ಕಾಗದ ಸರಿಯಾಗಿದೆ ಎಂದಷ್ಟೇ ಅರ್ಥ. ರಸ್ತೆ ಗಟ್ಟಿಯಾಗಿದೆ ಎಂದಲ್ಲ.

ಲೆಕ್ಕವೂ ಆಡಳಿತವೂ ಪೂರ್ತಿ ಹಳಿತಪ್ಪಿದರೆ ಸಂವಿಧಾನದ 139ನೇ ವಿಧಿಯಡಿ ಪ್ರಾಂತ್ಯ ಸರ್ಕಾರ ಆಡಳಿತಾಧಿಕಾರಿಯನ್ನು ಕಳಿಸಬಹುದು. ಕ್ವಾಜುಲು–ನಟಾಲ್‌ನ ಹಲವು ಮುನಿಸಿಪಾಲಿಟಿಗಳು ಈ ಮದ್ದು ಕುಡಿದಿವೆ. ಆಡಳಿತಾಧಿಕಾರಿ ಇರುವವರೆಗೆ ಖರ್ಚಿಗೆ ಕಡಿವಾಣ ಬೀಳುತ್ತದೆ. ತೆರಿಗೆಯ ಮೂಲವಿಲ್ಲದ ಊರಿಗೆ ಆದಾಯ ಹುಟ್ಟಿಸುವ ಶಕ್ತಿ ಮಾತ್ರ ಅವರಿಗೂ ಇಲ್ಲ.

ಕುರ್ಚಿಯ ಬೆಲೆ

ಅಧಿಕಾರ ಇಷ್ಟು ಕಡಿಮೆಯಿದ್ದರೂ ಕೌನ್ಸಿಲರ್ ಕುರ್ಚಿಗೆ ಪೈಪೋಟಿ ಜೋರು. ಕಾರ್ಖಾನೆಯಿಲ್ಲದ ಸೀಮೆಯಲ್ಲಿ ತಿಂಗಳ ಸಂಬಳ ಕೊಡುವ ಕೆಲವೇ ಸಂಸ್ಥೆಗಳಲ್ಲಿ ಮುನಿಸಿಪಾಲಿಟಿಯೂ ಒಂದು. ಸರ್ಕಾರದ ಕೂಲಿ ಯೋಜನೆಗೆ ಯಾರ ಹೆಸರು ಸೇರಬೇಕು, ರಸ್ತೆ ಮೊದಲು ಯಾವ ಕೇರಿಗೆ ಎಂಬಲ್ಲೆಲ್ಲ ಕೌನ್ಸಿಲರ್ ಮಾತು ನಡೆಯುತ್ತದೆ. ಟೆಂಡರ್ ಸಮಿತಿಯಲ್ಲಿ ಕೂರದಿದ್ದರೂ ಅದರ ನೆರಳು ದೂರವಿರುವುದಿಲ್ಲ.

ಈ ಪೈಪೋಟಿ ಪ್ರಾಂತ್ಯದಲ್ಲಿ ಹಲವು ಬಾರಿ ರಕ್ತ ಹರಿಸಿದೆ. ಪ್ರಾಂತ್ಯ ಸರ್ಕಾರ 2016ರಲ್ಲಿ ನೇಮಿಸಿದ ಮೋರಾನೆ ಆಯೋಗ ರಾಜಕೀಯ ಕೊಲೆಗಳ ವಿಚಾರಣೆ ನಡೆಸಿ 2018ರಲ್ಲಿ ವರದಿ ಕೊಟ್ಟಿತು. ಹುದ್ದೆ ಮತ್ತು ಟೆಂಡರಿನ ಆಸೆ ಈ ಕೊಲೆಗಳ ಮುಖ್ಯ ಕಾರಣಗಳಲ್ಲೊಂದು ಎಂದು ಅದು ಗುರುತಿಸಿತು. ದಕ್ಷಿಣದ ಉಮ್ಜಿಮ್‌ಕುಲು ಮುನಿಸಿಪಾಲಿಟಿಯ ಯುವ ಕೌನ್ಸಿಲರ್ ಸಿಂದಿಸೊ ಮಗಾಕಾ 2017ರಲ್ಲಿ ಗುಂಡೇಟಿಗೆ ಬಲಿಯಾದ ಪ್ರಕರಣ ಇಡೀ ದೇಶದ ಗಮನ ಸೆಳೆಯಿತು.

ಇದೇ ಕುರ್ಚಿ ಮೇಲೇರುವ ಏಣಿಯೂ ಹೌದು. 2024ರಲ್ಲಿ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಗೆ ಸಮನಾದ ಹುದ್ದೆಗೇರಿದ ಇಂಕಾಥಾ ಪಕ್ಷದ ತಮಿ ಎನ್‌ಟುಲಿ ಹಿಂದೆ ಎನ್‌ಕಾಂಡ್ಲಾ ಎಂಬ ಹಳ್ಳಿಗಾಡು ಮುನಿಸಿಪಾಲಿಟಿಯ ಮೇಯರ್ ಆಗಿದ್ದವರು. ಅದೇ ವರ್ಷ ದೇಶದ ಸ್ಥಳೀಯಾಡಳಿತ ಸಚಿವರಾದ ವೆಲೆಂಕೊಸಿನಿ ಹ್ಲಾಬಿಸಾ ಕೂಡ ಜುಲು ಸೀಮೆಯ ಇಂಥದೇ ಒಂದು ಊರಿನ ಮಾಜಿ ಮೇಯರ್.

ಮೂರು ಮತಪತ್ರ

ಹ್ಲಾಬಿಸಾ ಅವರ ಸಚಿವಾಲಯ 2025ರಲ್ಲಿ 1998ರ ಶ್ವೇತಪತ್ರವನ್ನು ಮರುಪರಿಶೀಲಿಸುವ ಕೆಲಸಕ್ಕೆ ಕೈಹಾಕಿತು. ಎರಡು ಹಂತದ ಮುನಿಸಿಪಾಲಿಟಿ ಬೇಕೇ, ಬಡ ಹಳ್ಳಿಗಾಡಿಗೂ ನಗರಕ್ಕೂ ಒಂದೇ ಅಂಗಿ ಹೊಲಿಯುವುದು ಸರಿಯೇ, ಅಮಾಕೋಸಿಗಳ ಪಾತ್ರವೇನು ಎಂಬವು ಈ ಚರ್ಚೆಯ ಕೇಂದ್ರದಲ್ಲಿವೆ. ಕಾಲು ಶತಮಾನದ ಹಿಂದಿನ ಶೇ 90ರ ಲೆಕ್ಕ ಹಳ್ಳಿಗಾಡಿನಲ್ಲಿ ಸುಳ್ಳಾಯಿತು ಎಂಬುದರ ಬಗ್ಗೆ ಈಗ ಹೆಚ್ಚು ವಾದವಿಲ್ಲ.

2021ರ ನವೆಂಬರ್ 1ರಂದು ಆರಿಸಿಬಂದ ಕೌನ್ಸಿಲುಗಳ ಐದು ವರ್ಷ 2026ರ ನವೆಂಬರಿಗೆ ಮುಗಿಯುತ್ತದೆ. ಆಮೇಲಿನ 90 ದಿನಗಳೊಳಗೆ ಹೊಸ ಚುನಾವಣೆ ನಡೆಯಬೇಕು. ಆಗ ಉಮ್ಸಿಂಗಾದ ಮತದಾರಳ ಕೈಗೆ ಮೂರು ಮತಪತ್ರ ಸಿಗುತ್ತವೆ. ಒಂದು ವಾರ್ಡ್ ಕೌನ್ಸಿಲರಿಗೆ, ಇನ್ನೊಂದು ಸ್ಥಳೀಯ ಕೌನ್ಸಿಲ್ಲಿನ ಪಕ್ಷದ ಪಟ್ಟಿಗೆ, ಮೂರನೆಯದು ಜಿಲ್ಲಾ ಕೌನ್ಸಿಲ್ಲಿಗೆ.

ಪ್ರಚಾರವೆಲ್ಲ ಮೊದಲ ಮತಪತ್ರದ ಸುತ್ತ: ಮನೆಬಾಗಿಲಿಗೆ ಬರುವುದು ವಾರ್ಡಿನ ಅಭ್ಯರ್ಥಿ, ಭಾಷಣದಲ್ಲಿ ಭರವಸೆ ಕೊಡುವುದು ನೀರಿನದು. ನೀರು ಇರುವುದು ಯಾರೂ ಹೆಚ್ಚು ಮಾತಾಡದ ಮೂರನೆಯ ಮತಪತ್ರದಲ್ಲಿ. ಅದೂ ಪೂರ್ತಿಯಾಗಿಯಲ್ಲ: ಜಿಲ್ಲಾ ಕೌನ್ಸಿಲ್ಲಿನ ಶೇ 40 ಸದಸ್ಯರು ಮಾತ್ರ ಆ ಮತದಿಂದ ಬರುತ್ತಾರೆ, ಉಳಿದ ಶೇ 60 ಮಂದಿಯನ್ನು ಸ್ಥಳೀಯ ಕೌನ್ಸಿಲುಗಳು ತಮ್ಮೊಳಗಿಂದ ಕಳಿಸುತ್ತವೆ. ಕರೆಂಟು, ಆಸ್ಪತ್ರೆ, ಶಾಲೆ ಈ ಮೂರು ಮತಪತ್ರಗಳಲ್ಲಿ ಎಲ್ಲೂ ಇಲ್ಲ. ಅವಕ್ಕೆ ಬೇರೆ ಚುನಾವಣೆ ಇದೆ. ನೆಲಕ್ಕೆ ಮಾತ್ರ ಯಾವ ಚುನಾವಣೆಯೂ ಇಲ್ಲ.

ಶ್ವೇತಪತ್ರದ ಮರುಪರಿಶೀಲನೆ ಎಷ್ಟು ಮಟ್ಟಿಗೆ ಸಾರ್ಥಕವಾಯಿತು ಎಂದು ಅಳೆಯಲು ದೊಡ್ಡ ಮಾತುಗಳು ಬೇಕಿಲ್ಲ. ನೀರು ಬಾರದ ದಿನ ಆ ಮತದಾರಳು ಯಾರನ್ನು ಬೈಯುತ್ತಾಳೋ ಅವರಿಗೇ ನೀರು ಕೊಡುವ ಅಧಿಕಾರವೂ ದುಡ್ಡೂ ಇದೆಯೇ, ಅವರನ್ನು ಮುಂದಿನ ಸಲ ಇಳಿಸುವ ಮತ ಅವಳ ಕೈಯಲ್ಲಿದೆಯೇ? ಈ ಎರಡಕ್ಕೂ ಹೌದೆಂದು ಹೇಳುವಂತಾದರೆ 2000ದಲ್ಲಿ ಎಳೆದ ಗಡಿಯೊಳಗೆ ಒಂದು ಸರ್ಕಾರ ಬಂದು ನೆಲೆಸಿತೆಂದು ಅರ್ಥ. ಅಲ್ಲಿಯತನಕ ಉಮ್ಸಿಂಗಾದ ಕೌನ್ಸಿಲರ್ ಜನರ ಸಿಟ್ಟಿಗೆ ವಿಳಾಸ ಮಾತ್ರ.